ಗುಂಡು ತಡೆಯುವ ಜಾಕೆಟ್ಟಿನ ಲೆಕ್ಕ

ಸಿರುಗುಪ್ಪ, ಕುರುಗೋಡು ಕಡೆಯಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬರುವ ನಮ್ಮ ಗೆಳೆಯರಲ್ಲಿ ಕೆಲವರು ಅಗ್ನಿವೀರ್ ಭರ್ತಿಗೆ ತಯಾರಿ ನಡೆಸಿದ್ದಾರೆ. "ಮುಂದಿನ ಯುದ್ಧದ ಹೊತ್ತಿಗೆ ಯಾವ ಗುಂಡೂ ತಾಗದ ಕವಚ ಬರುತ್ತದಂತೆ, ನಿಜವಾ?" ಎಂದು ಅವರಲ್ಲೊಬ್ಬ ಕೇಳಿದ. ಉತ್ತರಕ್ಕೆ ನಮ್ಮ ಪಿಯು ಭೌತಶಾಸ್ತ್ರದ ಎರಡು ಸೂತ್ರಗಳೇ ಸಾಕು.

ಎಕೆ-47 ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 700 ಮೀಟರ್. 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಗಂಟೆಗೆ 126 ಕಿ.ಮೀ. ವೇಗದಲ್ಲಿ ಬಂದರೆ ಎರಡರ ಸಂವೇಗವೂ ಒಂದೇ. ಆದರೆ ಚಲನ ಶಕ್ತಿ ನೋಡಿ: ಚೆಂಡಿನದು 98 ಜೂಲ್, ಗುಂಡಿನದು 1960 ಜೂಲ್. ಇಪ್ಪತ್ತು ಪಟ್ಟು! ಅದೂ ಬೆರಳ ತುದಿಯಷ್ಟು ಜಾಗದಲ್ಲಿ. ಈ ಶಕ್ತಿಯನ್ನು ಹೀರಿ, ಅಗಲಕ್ಕೆ ಹಂಚುವುದೇ ಕವಚದ ಕೆಲಸ.

ಅದಕ್ಕೆ ಎರಡು ಪದರ ಬೇಕು. ಮುಂದೆ ಬೋರಾನ್ ಕಾರ್ಬೈಡ್‌ನಂಥ ಬಹಳ ಗಡುಸಾದ ಸೆರಾಮಿಕ್ ಫಲಕ. ಅದು ಗುಂಡಿನ ಮೂತಿ ಒಡೆಯುತ್ತದೆ, ತಾನೂ ಬಿರುಕು ಬಿಡುತ್ತದೆ. ಹಿಂದೆ ಗಟ್ಟಿ ನಾರಿನ ಪದರಗಳು. 1965ರಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ಕೆವ್ಲಾರ್ ಇಂಥದ್ದೇ ನಾರು. ಗೋಲಿನ ಬಲೆ ಚೆಂಡನ್ನು ಹಿಡಿಯುವಂತೆ ಇದು ಚೂರುಗಳನ್ನು ಹಿಡಿಯುತ್ತದೆ.

ಪದರದ ಉಪಾಯ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರು ಕೃಷ್ಣದೇವರಾಯನ ಸೈನಿಕರು ಪದರ ಪದರವಾಗಿ ಹೊಲಿದ ದಪ್ಪ ಅಂಗಿ ತೊಡುತ್ತಿದ್ದರೆಂದು ಬರೆದಿದ್ದಾರೆ. ಬಾಣ, ಕತ್ತಿಯ ಕಾಲಕ್ಕೆ ಅದು ನಡೆಯಿತು, ರೈಫಲ್ಲಿಗೆ ಸಾಲದು.

ಈಗಿನ ತೊಡಕು ತೂಕದ್ದು. ಫಲಕ ಸೇರಿದ ಜಾಕೆಟ್ ಸಾಮಾನ್ಯವಾಗಿ 8-10 ಕೆ.ಜಿ. ತೂಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದನ್ನು ಹೊತ್ತು ಓಡುವುದನ್ನು ಊಹಿಸಿ. ಭಾರತೀಯ ಮಾನಕ ಬ್ಯೂರೋದ ಅತ್ಯುನ್ನತ 6ನೇ ಹಂತದ ಗುಂಡನ್ನು ತಡೆಯುವ ಹಗುರ ಜಾಕೆಟ್ಟನ್ನು ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ 2024ರಲ್ಲಿ ರೂಪಿಸಿತು. ಆದರೂ ಗಟ್ಟಿ ಫಲಕ ಕಾಯುವುದು ಎದೆ-ಬೆನ್ನನ್ನು ಮಾತ್ರ. ಮುಖ, ಕತ್ತು, ತೊಡೆ ಬಯಲಲ್ಲೇ ಇರುತ್ತವೆ. ಡ್ರೋನ್ ಬಾಂಬಿನ ಚೂರು ಮೇಲಿನಿಂದ ಬರುತ್ತದೆ. ಇಡೀ ಮೈ ಮುಚ್ಚಿದರೆ ಸೈನಿಕ ಓಡಲಾರ.

ಹಾಗಾಗಿ ಗೆಳೆಯನಿಗೆ ನನ್ನ ಉತ್ತರ: ಇಲ್ಲ. ಕವಚ ಬದುಕಲು ಇನ್ನೊಂದು ಅವಕಾಶ ಕೊಡುತ್ತದೆ, ಯುದ್ಧವನ್ನು ಸುರಕ್ಷಿತ ಮಾಡುವುದಿಲ್ಲ. ಭರ್ತಿಗೆ ಹೋಗುವವರು ಇದನ್ನು ತಿಳಿದೇ ಹೋಗಲಿ. ನಮ್ಮಲ್ಲಿ ನಾಳೆ ಎಂಜಿನಿಯರ್ ಆಗುವವರು ಅವರ ಹೊರೆಯನ್ನು ಒಂದು ಕೆ.ಜಿ.ಯಾದರೂ ಇಳಿಸಲಿ.