ಮುಳುಗಡೆ ಊರು ಬೇರೆ, ನೆರೆ ಊರು ಬೇರೆ

ಭೀಮಾ ಹೊಳಿ ತುಂಬಿ ಬಂದಾಗೆಲ್ಲ ಪೇಪರಿನಲ್ಲಿ ‘ಸ್ಥಳಾಂತರ’ ಎಂಬ ಶಬ್ದ ಓದುತ್ತೇವೆ. ಮಿತ್ರರೇ, ಈ ಶಬ್ದಕ್ಕೆ ಎರಡು ಅರ್ಥ ಇವೆ. ಒಂದು, ನೀರು ಇಳಿಯುವ ತನಕ ಸಾಲಿಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಹೋಗಿ ಇರುವುದು. ಇದಕ್ಕೆ ಮೊದಲು ಗಂಜಿ ಕೇಂದ್ರ ಅನ್ನುತ್ತಿದ್ದರು. ಇನ್ನೊಂದು, ಹಳೇ ಊರು ಬಿಟ್ಟು ಎತ್ತರದ ಜಾಗದಲ್ಲಿ ಹೊಸ ಊರು ಮಾಡಿಕೊಳ್ಳುವುದು. ನಾನು ಬರೆಯುತ್ತಿರುವುದು ಎರಡನೆಯದರ ಬಗ್ಗೆ.

ನಮ್ಮ ಜಿಲ್ಲೆಯಲ್ಲಿ ಇಂಡಿ, ಸಿಂದಗಿ ಕಡೆ ಭೀಮಾ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆ ಕೃಷ್ಣಾ. ನಡುವೆ ಡೋಣಿ. (ಈಗ ಚಡಚಣ, ಆಲಮೇಲ, ತಾಳಿಕೋಟೆ, ಕೊಲ್ಹಾರ, ನಿಡಗುಂದಿ ಬೇರೆ ತಾಲೂಕು ಆಗ್ಯಾವ. ನಾನು ಹಳೇ ಹೆಸರು ಹಿಡಿದು ಬರೆದೀನಿ.) ಡೋಣಿ ಸಣ್ಣ ಹೊಳಿ, ನೀರು ಉಪ್ಪು. ಆದರೂ ಅದರ ದಂಡೆಯ ಎರಿ ಹೊಲದ ಜೋಳಕ್ಕೆ ಸಮ ಯಾವುದೂ ಇಲ್ಲ ಎಂದು ನಮ್ಮ ಮುತ್ಯಾ ಹೇಳುತ್ತಾನೆ. ಇಷ್ಟು ನೆರೆ ಬಂದರೂ ಜನ ಹೊಳಿ ದಂಡಿ ಬಿಟ್ಟು ಯಾಕ ಏಳೂದಿಲ್ಲ ಅನ್ನೋದಕ್ಕ ಅರ್ಧ ಉತ್ತರ ಆ ಹೊಲದಾಗೇ ಐತಿ.

ಮೊದಲು ಮುಳುಗಡೆ ಅಂದರೆ ಏನು ನೋಡೋಣ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಅದರಲ್ಲಿ 519.60 ಮೀಟರ್ ತನಕ ನೀರು ನಿಲ್ಲಿಸಲು ನೂರಕ್ಕೂ ಹೆಚ್ಚು ಹಳ್ಳಿಗಳು, ಬಾಗಲಕೋಟೆ ಪಟ್ಟಣದ ಒಂದು ಭಾಗ ಜಾಗ ಬಿಡಬೇಕಾಯಿತು. ಗಡಿಗಿ ಮೊಸರಿಗೆ ಹೆಸರಾದ ಕೊಲ್ಹಾರವೂ ಹಳೇ ಜಾಗ ಬಿಟ್ಟು ಮೇಲೆ ಬಂತು. ಇಲ್ಲಿ ಸರ್ಕಾರವೇ ಹೊಲ ಮನೆಗಳನ್ನು ಸ್ವಾಧೀನ ಮಾಡಿಕೊಳ್ಳುತ್ತದೆ. ಹಾಗಾಗಿ ಪರಿಹಾರ ಕೊಡಲೇಬೇಕು. ಕಡಿಮೆ ಅನಿಸಿದರೆ ಜನ ಕೋರ್ಟಿಗೆ ಹೋಗಬಹುದು.

2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ನನಗೆ ಹಿಡಿಸಿದ ಮಾತು ಒಂದಿದೆ. ಸ್ವಂತ ಹೊಲ ಇಲ್ಲದಿದ್ದರೂ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲೇ ದುಡಿದು ಬದುಕಿದ ಕೂಲಿಕಾರರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳು ಬಾಧಿತ ಕುಟುಂಬದ ಲೆಕ್ಕಕ್ಕೆ ಬರುತ್ತಾರೆ. ಹೊಳಿ ನಂಬಿದ ಮೀನುಗಾರರು, ದೋಣಿ ನಡೆಸುವವರು ಕೂಡ ಬರುತ್ತಾರೆ. ನಮ್ಮೂರಲ್ಲಿ ಹೊಳಿಗೆ ಹತ್ತಿ ಇರುವ ಓಣಿಯೇ ಅಂಬಿಗರದು, ತಳವಾರರದು. ತಳವಾರರು 2020ರಲ್ಲಿ ನಾಯಕ ಪಂಗಡದ ಪರ್ಯಾಯ ಹೆಸರಾಗಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ನೀರು ಮೊದಲು ಬರೋದು ಅವರ ಹೊಚ್ಚಲಿಗೆ, ಉತಾರದಲ್ಲಿ ಹೆಸರು ಕಡಿಮೆ ಇರೋದೂ ಅವರದೇ. ಅದೇ ಕಾಯ್ದೆಯ ಪ್ರಕಾರ ಹೊಸ ಊರಿನಲ್ಲಿ ರಸ್ತೆ, ಗಟಾರ, ಸಾಲಿ, ಸುಡುಗಾಡು ಇರಬೇಕು. ಕುಡಿಯುವ ನೀರು ಮಂದಿಗಷ್ಟೇ ಅಲ್ಲ, ದನಕ್ಕೂ ಇರಬೇಕು.

ಇನ್ನು ನೆರೆ. ಇಲ್ಲಿ ಸರ್ಕಾರ ಯಾರ ಹೊಲವನ್ನೂ ತೆಗೆದುಕೊಂಡಿಲ್ಲ. ಮಳೆ ಆಯಿತು, ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರು, ಊರಿಗೆ ಹೊಳಿ ಹೊಕ್ಕಿತು. ಉಜನಿ ಸುಮಾರು 117 ಟಿಎಂಸಿ ನೀರು ಹಿಡಿಯುವ ಡ್ಯಾಮು. ಅದು ತುಂಬಿದ ಮೇಲೆ ಜೋರು ಮಳೆ ಆದರೆ ಎಲ್ಲಾ ನೀರು ನಮ್ಮ ಕಡೆಗೇ. 2020ರ ಅಕ್ಟೋಬರಿನಲ್ಲಿ ಹಾಗೇ ಆಯಿತು, 2025ರ ಸೆಪ್ಟೆಂಬರಿನಲ್ಲಿ ಮತ್ತೆ ಭೀಮಾ ತುಂಬಿತು. ಆಗ ಸಿಗುವುದು ಪರಿಹಾರ ಅಲ್ಲ, ನೆರವು. 2019 ಮತ್ತು 2020ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಸ್ವಲ್ಪ ಹಾನಿಯಾದ ಮನೆಗೆ 50 ಸಾವಿರ ಎಂದು ಆದೇಶ ಆಗಿತ್ತು. ಆ 5 ಲಕ್ಷ ಒಮ್ಮೆಗೇ ಬರುತ್ತಿರಲಿಲ್ಲ. ಬುನಾದಿ ಹಾಕಿದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಒಂದು, ಹೀಗೆ ಫೋಟೋ ತೆಗೆದು ತೋರಿಸಬೇಕಿತ್ತು. ಈ ಹಣದಿಂದ ಬಿದ್ದ ಮನೆ ಮತ್ತೆ ಏಳುತ್ತದೆ, ಆದರೆ ಅದೇ ನೀರು ಬರುವ ಜಾಗದಲ್ಲೇ!

ಊರಿಗೆ ಊರನ್ನೇ ಮೇಲೆ ಒಯ್ಯುವ ಕೆಲಸ ದೊಡ್ಡದಾಗಿ ನಡೆದದ್ದು 2009ರ ನೆರೆಯ ನಂತರ, ‘ಆಸರೆ’ ಯೋಜನೆಯಲ್ಲಿ. ಸರ್ಕಾರ ಜಾಗ ಕೊಟ್ಟಿತು, ದಾನಿಗಳು, ಕಂಪನಿಗಳು, ಮಠಗಳು ಮನೆ ಕಟ್ಟಿಸಿಕೊಟ್ಟವು. ಮುದ್ದೇಬಿಹಾಳ ಕಡೆ ಡೋಣಿ ದಂಡೆಯ ಊರಿನ ನಮ್ಮ ಮಾವನಿಗೂ ಒಂದು ಬಂತು. ನಾನು ಹೋಗಿ ನೋಡಿದ್ದೇನೆ. ಗೋಡೆ ಗಟ್ಟಿ, ಸೋರುವುದಿಲ್ಲ. ಆದರೆ ಎರಡು ಸಣ್ಣ ಖೋಲಿ. ಎತ್ತು ಎಲ್ಲಿ ಕಟ್ಟಬೇಕು? ಕಣಕಿ ಬಣವಿ ಎಲ್ಲಿ ಒಟ್ಟಬೇಕು? ಹೊಲಕ್ಕೆ ಒಂದು ಹರದಾರಿ ನಡೆಯಬೇಕು. ನಮ್ಮ ಅತ್ತಿ ಹೇಳುತ್ತಾಳೆ, “ಮನಿ ಕೊಟ್ಟಾರ ಖರೇ, ಹಿತ್ತಲಾ ಕೊಟ್ಟಿಲ್ಲ.” ಹೀಗಾಗಿ ಅವರು ಬ್ಯಾಸಿಗಿ, ಚಳಿಗಾಲ ಹಳೇ ಮನೆಯಲ್ಲಿ, ಮಳೆಗಾಲದಲ್ಲಿ ಹೊಸ ಮನೆಯಲ್ಲಿ ಇರುತ್ತಾರೆ. ಅದೇ ಸಾಲಿನ ಕೆಲವು ಮನೆಗಳ ಸುತ್ತ ಜಾಲಿಕಂಟಿ ಬೆಳೆದಿದೆ. ಅವುಗಳ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ ಅಂತ ಆ ಓಣಿಯವರು ಹೇಳುತ್ತಾರೆ. ಹಕ್ಕುಪತ್ರ ಇಲ್ಲದ ಮನೆಗೆ ಬ್ಯಾಂಕಿನವರು ಸಾಲ ಕೊಡಲ್ಲ. ಹಳೇದು ಬಿಡಂದರ ಯಾರು ಬಿಡತಾರ? “ಕಟ್ಟಿ ಕೊಟ್ಟರೂ ಹೋಗಲಿಲ್ಲ, ಜನರದೇ ತಪ್ಪು” ಎಂದು ಹೇಳುವವರು ಒಮ್ಮೆ ಅಲ್ಲಿ ಒಂದು ಎಮ್ಮಿ ಕಟ್ಟಿ ನೋಡಬೇಕು.

ಎರಡರ ನಡುವೆ ಸಿಕ್ಕ ಊರುಗಳೂ ಇವೆ. ಹಳೇ ಸಿಂದಗಿ ತಾಲೂಕಿನ ತಾರಾಪುರಕ್ಕೆ ಸೊನ್ನ ಬ್ಯಾರೇಜಿನ ಹಿನ್ನೀರೂ ತಟ್ಟುತ್ತದೆ, ಭೀಮಾ ನೆರೆಯೂ ತಟ್ಟುತ್ತದೆ. ಅಲ್ಲಿ ಸ್ಥಳಾಂತರದ ಮಾತು ಬಹಳ ವರ್ಷದ್ದು. 2020ರಲ್ಲಿ ನೀರು ಸುತ್ತುವರಿದ ಊರುಗಳಲ್ಲಿ ಅದೂ ಒಂದು. ಇಂಥ ಊರು ಮುಳುಗಡೆಯ ಲೆಕ್ಕಕ್ಕೆ ಬಂದರೆ ಹಕ್ಕು, ನೆರೆಯ ಲೆಕ್ಕಕ್ಕೆ ಬಂದರೆ ನೆರವು.

ಕೃಷ್ಣಾ ಕಡೆ ಮತ್ತೊಂದು ಸುತ್ತು ಬಾಕಿ ಇದೆ. ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಾಧಿಕರಣ ಒಪ್ಪಿತು. ಮುಳುಗುವ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಹೊಲಕ್ಕೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನ ಮಾಡಿತು. ಇದು ಎಕರೆಯ ಲೆಕ್ಕ. ಎಕರೆ ಇಲ್ಲದವರ ಹೆಸರು ಬರೆಸುವುದು ಸಮೀಕ್ಷೆಗೆ ಬಂದಾಗಲೇ. ಆ ದಿನ ಅವರು ದುಡಿಯಲು ಪುಣೆಗೋ ಗೋವಾಕ್ಕೋ ಹೋಗಿದ್ದರೆ ಪಟ್ಟಿಯಲ್ಲಿ ಅವರ ಹೆಸರು ಬಿಟ್ಟುಹೋಗಬಹುದು.

ನಿಮ್ಮ ಊರಲ್ಲೋ ಬೀಗರ ಊರಲ್ಲೋ ಆಸರೆ ಮನೆಗಳಿದ್ದರೆ, ಎಷ್ಟು ಮನೆಯಲ್ಲಿ ಒಲಿ ಹೊತ್ತುತ್ತದೆ, ಎಷ್ಟಕ್ಕೆ ಬೀಗ ಇದೆ, ಎಷ್ಟು ಮಂದಿಗೆ ಹಕ್ಕುಪತ್ರ ಸಿಕ್ಕಿದೆ ಎಂದು ಎಣಿಸಿ ಚೀಟಿಯಲ್ಲಿ ಬರೆದು ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಹಚ್ಚೋಣ.