ಒಂದೇ ಕ್ಯಾಸೆಟ್ಟಿನಲ್ಲಿ ತೊಂಬತ್ತೊಂಬತ್ತು ಲಕ್ಷ ಆಟ

‘9999999 ಇನ್ 1’ ಎಂದು ಟಿವಿ ಗೇಮಿನ ಹಳದಿ ಕ್ಯಾಸೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಲೆಕ್ಕ ಹಾಕಿ ನೋಡಿ: ಒಂದು ಆಟಕ್ಕೆ ಒಂದೇ ನಿಮಿಷ ಕೊಟ್ಟು, ಊಟ ನಿದ್ದೆ ಬಿಟ್ಟು ಆಡಿದರೂ ಪಟ್ಟಿ ಮುಗಿಯಲು ಹತ್ತೊಂಬತ್ತು ವರ್ಷ ಬೇಕು. ಒಳಗೆ ನಿಜವಾಗಿ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಉಳಿದದ್ದೆಲ್ಲ ಅವುಗಳದೇ ವೇಷ. ಕಾಂಟ್ರಾ ಎಂಬ ಆಟದ ಮೊದಲನೆಯ ರೂಪದಲ್ಲಿ ಕಾಡಿನಿಂದ ಶುರು, ಹದಿನೇಳನೆಯದರಲ್ಲಿ ಜಲಪಾತದಿಂದ ಶುರು, ಇನ್ನೊಂದರಲ್ಲಿ ಜೀವ ಜಾಸ್ತಿ. ಮೋಸ ಎಂದು ಎಲ್ಲ ಮಕ್ಕಳಿಗೂ ಗೊತ್ತಿತ್ತು. ಆದರೂ ಪಟ್ಟಿಯ ಕೊನೆಯಲ್ಲಿ ಹೊಸದೇನಾದರೂ ಇರಬಹುದೆಂದು ಗುಂಡಿ ಒತ್ತುತ್ತ ಹೋಗುತ್ತಿದ್ದೆವು.

ಅಪ್ಪ ಕೊಡಗಿನ ಗೋಣಿಕೊಪ್ಪದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ತೊಂಬತ್ತರ ದಶಕದಲ್ಲಿ ತಿತಿಮತಿ, ಪಾಲಿಬೆಟ್ಟ, ಶ್ರೀಮಂಗಲದ ತೋಟದ ಮನೆಗಳಿಂದ ಟಿವಿಗಳು ಜೀಪಿನಲ್ಲಿ ಬರುತ್ತಿದ್ದವು. ಸಿಡಿಲಿಗೆ ಸುಟ್ಟದ್ದು, ವೋಲ್ಟೇಜ್ ಏರಿಳಿತಕ್ಕೆ ಹೋದದ್ದು. ಬೇಸಿಗೆ ರಜೆಯಲ್ಲಿ ಮೈಸೂರು, ಬೆಂಗಳೂರಿನಿಂದ ಬಂದ ಮೊಮ್ಮಕ್ಕಳ ಟಿವಿ ಗೇಮ್‌ಗಳೂ ಅವುಗಳ ಜೊತೆ ಬರುತ್ತಿದ್ದವು. ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂದು ಊರೆಲ್ಲ ನಂಬಿತ್ತು. ಅಪ್ಪ ನಂಬುತ್ತಿರಲಿಲ್ಲ. ಆದರೆ ಗಿರಾಕಿಗಳ ಎದುರು ಅಲ್ಲಗಳೆಯುತ್ತಲೂ ಇರಲಿಲ್ಲ. “ಹೇಳಲಿ ಬಿಡು, ನಮಗೇನು ನಷ್ಟ?” ಎನ್ನುತ್ತಿದ್ದರು. ನಾನು ಕ್ಯಾಸೆಟ್ ಬಾಯಿಗಿಟ್ಟು ಊದಿದಾಗ ಮಾತ್ರ ರೇಗುತ್ತಿದ್ದರು. “ಊದಬೇಡ ಮಾರಾಯ, ನಿನ್ನ ಉಗುಳಿಗೆ ತಾಮ್ರ ಹಸಿರಾಗ್ತದೆ.”

ಆ ಅಂಗಡಿಯಿಂದ ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ. ನಾನು ಹಳೆಯ ಆಟಗಳ ಸಂಗ್ರಹಗಳನ್ನೇ ಕೂಡಿಡುವವನು, ಬಿಡಿ ಆಟಗಳನ್ನಲ್ಲ. ಕಳ್ಳ ಮಾರುಕಟ್ಟೆಯ ಹಳದಿ ಕ್ಯಾಸೆಟ್ಟಿನಿಂದ ಹಿಡಿದು ಕಂಪನಿಗಳೇ ಇಂದು ಅಚ್ಚುಕಟ್ಟಾಗಿ ಹೊರತರುವ ಡಿಸ್ಕ್‌ವರೆಗೆ ಎಲ್ಲವೂ ಇವೆ. “ಅದೇ ಆಟ ಫೋನಿನಲ್ಲಿ ಸಿಗುತ್ತಲ್ಲ, ದುಡ್ಡು ಯಾಕೆ ಹಾಳು?” ಎಂದು ಮನೆಯವರು ಕೇಳುವುದು ನ್ಯಾಯವೇ. ಉತ್ತರ ಹೇಳಬೇಕಾದರೆ ಆ ಕ್ಯಾಸೆಟ್ಟಿನ ಒಳಗನ್ನು ತೋರಿಸಬೇಕು.

ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ಫ್ಯಾಮಿಕಾಂ ಎಂಬ ಆಟದ ಯಂತ್ರ ಬಿಡುಗಡೆ ಮಾಡಿತು. ನಮ್ಮ ಊರುಗಳಿಗೆ ಬಂದದ್ದು ಅಸಲಿಯಲ್ಲ, ಅದರ ತದ್ರೂಪುಗಳು. ಮೀಡಿಯಾ ಎಂಬ ಹೆಸರಿನದು ಕೆಲವರಿಗೆ ನೆನಪಿರಬಹುದು. ಈ ಯಂತ್ರದ ಪ್ರೊಸೆಸರ್‌ಗೆ ಕ್ಯಾಸೆಟ್ಟಿನ ಪ್ರೋಗ್ರಾಮಿನಲ್ಲಿ ಒಮ್ಮೆಗೆ 32 ಕಿಲೋಬೈಟ್ ಮಾತ್ರ ಕಾಣುತ್ತದೆ, ಚಿತ್ರಗಳಿಗೆ ಬೇರೆ 8 ಕಿಲೋಬೈಟ್. 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ ಅಷ್ಟರಲ್ಲೇ, 40 ಕಿಲೋಬೈಟಿನಲ್ಲಿ ಮುಗಿದಿದೆ. ನಿಮ್ಮ ಫೋನಿನಲ್ಲಿ ತೆಗೆದ 3 ಮೆಗಾಬೈಟಿನ ಒಂದು ಫೋಟೊದ ಜಾಗದಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಾರಿಯೊಗಳು ಕೂರುತ್ತವೆ.

ಕಳ್ಳ ಕ್ಯಾಸೆಟ್ ಮಾಡಿದವರ ಜಾಣತನ ಇಲ್ಲಿದೆ. ದೊಡ್ಡ ಮೆಮೊರಿ ಚಿಪ್ಪಿನಲ್ಲಿ ಚಿಕ್ಕ ಆಟಗಳನ್ನು ಒಂದರ ಪಕ್ಕ ಒಂದು ತುಂಬುತ್ತಾರೆ. ನೀವು ಪಟ್ಟಿಯಲ್ಲಿ ಆಯ್ದ ಆಟದ ಭಾಗವನ್ನಷ್ಟೇ ಯಂತ್ರದ ಕಣ್ಣಿಗೆ ತೋರಿಸುವ ಕೆಲಸ ಮತ್ತೊಂದು ಪುಟ್ಟ ಸರ್ಕ್ಯೂಟಿನದು. ಅದೇ ಆಟವನ್ನು ಬೇರೆ ಹೆಸರಿನಲ್ಲಿ ಕೊಡಬೇಕೆಂದರೆ, ಶುರುವಿನ ಹಂತದ ಸಂಖ್ಯೆಯನ್ನೋ ಜೀವಗಳ ಸಂಖ್ಯೆಯನ್ನೋ ಬದಲಿಸಿ ಬಿಟ್ಟರಾಯಿತು. ಬೋರ್ಡಿನ ಮೇಲೆ ಕಾಲುಗಳಿರುವ ಚಿಪ್ ಕಾಣದು. ಅದರ ಬದಲು ಕಪ್ಪು ಅಂಟಿನ ಒಂದು ಬೊಟ್ಟು ಇರುತ್ತದೆ. ಚಿಪ್ಪನ್ನು ನೇರವಾಗಿ ಬೋರ್ಡಿಗೆ ಕೂರಿಸಿ ಮೇಲೆ ಅಂಟು ಸುರಿದರೆ ಖರ್ಚು ಕಡಿಮೆ. ಆ ಬೊಟ್ಟಿನ ಕೆಳಗೆ ಏನಾದರೂ ಕೆಟ್ಟರೆ ಯಾವ ಮೆಕ್ಯಾನಿಕ್‌ನಿಂದಲೂ ರಿಪೇರಿ ಆಗದು. ಅಸಲಿ, ನಕಲಿ ಹೇಗೆ ತಿಳಿಯುವುದೆಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಸ್ಕ್ರೂ ಬಿಚ್ಚಿ ನೋಡಿ.

ಕಂಪನಿಗಳಿಗೂ ಈ ಕಲೆ ಬೇಗ ಗೊತ್ತಾಯಿತು. 1993ರಲ್ಲಿ ನಿಂಟೆಂಡೊ ತನ್ನ ನಾಲ್ಕು ಹಳೆಯ ಮಾರಿಯೊ ಆಟಗಳಿಗೆ ಹೊಸ ಬಣ್ಣ ಬಳಿದು ‘ಸೂಪರ್ ಮಾರಿಯೊ ಆಲ್-ಸ್ಟಾರ್ಸ್’ ಎಂದು ಒಟ್ಟಿಗೆ ಕೊಟ್ಟಿತು. ಬಲು ಕಷ್ಟದ ಆಟವೆಂದು ಜಪಾನಿನಲ್ಲೇ ಉಳಿಸಿಕೊಂಡಿದ್ದ ಒಂದು ಮಾರಿಯೊ ಹೊರದೇಶದವರಿಗೆ ಮೊದಲು ಸಿಕ್ಕಿದ್ದು ಈ ಸಂಗ್ರಹದಲ್ಲಿ. ಪ್ಯಾಕ್-ಮ್ಯಾನ್ ಮಾಡಿದ ನಾಮ್ಕೊ ಕಂಪನಿ 1995ರಿಂದ ಪ್ಲೇಸ್ಟೇಷನ್‌ಗೆ ‘ನಾಮ್ಕೊ ಮ್ಯೂಸಿಯಂ’ ಸಂಪುಟಗಳನ್ನು ತಂದಿತು. ಹೆಸರಿಗೆ ತಕ್ಕಂತೆ ಅದರೊಳಗೆ ಒಂದು ಮ್ಯೂಸಿಯಂ ಕಟ್ಟಡವೇ ಇದೆ. ಕೋಣೆ ಕೋಣೆ ನಡೆದು, ಗೋಡೆಯ ಮೇಲಿನ ಹಳೆಯ ಜಾಹೀರಾತುಗಳನ್ನು ನೋಡಿ ಆಮೇಲೆ ಆಟಕ್ಕೆ ಕೂರಬಹುದು. ಐದು ಸಂಪುಟಗಳ ಮುಖಪುಟದಲ್ಲಿ ಕಂಪನಿಯ ಇಂಗ್ಲಿಷ್ ಹೆಸರಿನ ಐದು ಅಕ್ಷರ, ಒಂದಕ್ಕೊಂದರಂತೆ. ನಾಲ್ಕು ಕೊಂಡವನಿಗೆ ಐದನೆಯದನ್ನು ಕೊಳ್ಳದೆ ನಿದ್ದೆ ಬರುವುದುಂಟೆ? 2020ರಲ್ಲಿ ಬ್ರಿಟನ್ನಿನಿಂದ ಬಂದ ಎವರ್‌ಕೇಡ್ ಎಂಬ ಯಂತ್ರವಂತೂ ಸಂಗ್ರಹದ ಕ್ಯಾಸೆಟ್‌ಗಳನ್ನೇ ನಂಬಿಕೊಂಡಿದೆ. ಕ್ರಮಸಂಖ್ಯೆ ಹಾಕಿ ಮಾರುತ್ತಾರೆ, ನಮ್ಮಂಥವರ ದೌರ್ಬಲ್ಯ ಬಲ್ಲವರು.

ಕ್ರಮಸಂಖ್ಯೆಯ ಆಸೆ ನನಗೂ ಇದೆ, ಸುಳ್ಳೇಕೆ? ಆದರೆ ನನ್ನನ್ನು ಹಿಡಿದಿಟ್ಟಿರುವುದು ಆಯ್ಕೆ. ಒಳ್ಳೆಯ ಸಂಗ್ರಹದ ಹಿಂದೆ ಕಥಾಸಂಕಲನದ ಸಂಪಾದಕನಂಥ ಒಬ್ಬ ಮನುಷ್ಯ ಇರುತ್ತಾನೆ: ಯಾವುದನ್ನು ಸೇರಿಸಿದ, ಯಾವುದನ್ನು ಬಿಟ್ಟ, ಯಾವುದರ ಪಕ್ಕ ಯಾವುದನ್ನಿಟ್ಟ. 2022ರ ನವೆಂಬರ್‌ನಲ್ಲಿ ಡಿಜಿಟಲ್ ಎಕ್ಲಿಪ್ಸ್ ಕಂಪನಿ ಮಾಡಿದ ‘ಅಟಾರಿ 50’ ಇದಕ್ಕೆ ಉತ್ತಮ ಉದಾಹರಣೆ. ನೂರಕ್ಕೂ ಹೆಚ್ಚು ಆಟಗಳನ್ನು ಅಲ್ಲಿ ಕಾಲಾನುಕ್ರಮದಲ್ಲಿ ಜೋಡಿಸಿ, ನಡುನಡುವೆ ಆಟ ಮಾಡಿದವರ ಸಂದರ್ಶನ, ಕಾಗದಪತ್ರ, ಚಿತ್ರ ಇಟ್ಟಿದ್ದಾರೆ. ಸಪ್ಪೆ ಆಟವೂ ಅದರ ಹಿಂದಿನ ಮಾತು ಕೇಳಿದ ಮೇಲೆ ಬೇರೆಯಾಗಿ ಕಾಣುತ್ತದೆ. 2019ರ ‘ಕಾಂಟ್ರಾ ಆನಿವರ್ಸರಿ ಕಲೆಕ್ಷನ್’ನಲ್ಲಿ ನಾವು ಆಡಿದ ಕಾಂಟ್ರಾದ ಜಪಾನಿ ರೂಪವೂ ಇದೆ. ಅದರಲ್ಲಿ ಹಿಮ ಬೀಳುತ್ತದೆ, ಕಾಡಿನ ಎಲೆಗಳು ಅಲುಗಾಡುತ್ತವೆ.

ಬಿಟ್ಟದ್ದೂ ಕಥೆ ಹೇಳುತ್ತದೆ. ಬ್ರಿಟನ್ನಿನ ರೇರ್ ಕಂಪನಿ ತನ್ನ ಮೂವತ್ತು ವರ್ಷದ ನೆನಪಿಗೆ 2015ರಲ್ಲಿ ಮೂವತ್ತು ಆಟಗಳ ‘ರೇರ್ ರಿಪ್ಲೇ’ ತಂದಾಗ ಅದರ ಅತಿ ಪ್ರಸಿದ್ಧ ಆಟಗಳಲ್ಲೊಂದಾದ, 1997ರ ‘ಗೋಲ್ಡನ್ಐ’ ಅದರಲ್ಲಿರಲಿಲ್ಲ. ಜೇಮ್ಸ್ ಬಾಂಡ್ ಹೆಸರಿನ ಹಕ್ಕು ಬೇರೆಯವರದು.

ಇನ್ನೊಂದು ಬಿಟ್ಟುಹೋದ ಆಟ ಕೊಡಗಿನವರಿಗೆ ಹತ್ತಿರದ್ದು. ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ಗೆ ಪ್ಲಾಸ್ಟಿಕ್ ಕೋವಿ ಬರುತ್ತಿತ್ತು. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ನನ್ನ ಗೆಳೆಯನ ಮನೆಯಲ್ಲಿ ತೋಕ್ ಪೂ ಎಂಬ ಹೂ ಮುಡಿದ ಅಸಲಿ ಕೋವಿಗಳ ಸಾಲಿನ ತುದಿಯಲ್ಲಿ ನಾವು ಅದನ್ನೂ ಒರಗಿಸಿದೆವು. ಅವನ ಅಜ್ಜ ಕಂಡರೂ ತೆಗೆಯಲಿಲ್ಲ, ಅದಕ್ಕೂ ಒಂದು ಹೂ ಸಿಕ್ಕಿಸಿದರು. ಟ್ರಿಗರ್ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತು ಇದ್ದ ಜಾಗ ಬಿಳಿಯಾಗಿ ಮಿಂಚುತ್ತದೆ. ಕೋವಿಯ ಬಾಯಲ್ಲಿರುವ ಬೆಳಕಿನ ಸೆನ್ಸರ್ ಆ ಬಿಳುಪನ್ನು ಕಂಡರೆ ಗುರಿ ತಾಗಿದಂತೆ. ಹಳೆಯ ಟ್ಯೂಬ್ ಟಿವಿಯಲ್ಲಿ ಬೆಳಕು ತಡವಿಲ್ಲದೆ ಮೂಡುತ್ತಿತ್ತು. ಇಂದಿನ ಚಪ್ಪಟೆ ಟಿವಿ ಚಿತ್ರ ತೋರಿಸಲು ಒಂದಿಷ್ಟು ತಡಮಾಡುತ್ತದೆ, ಅಷ್ಟರಲ್ಲಿ ಕೋವಿ ನೋಡಿ ಮುಗಿಸಿರುತ್ತದೆ. ನಿಂಟೆಂಡೊ 2016ರಲ್ಲಿ ಮೂವತ್ತು ಆಟ ತುಂಬಿದ ಪುಟ್ಟ ಯಂತ್ರ ತಂದಾಗ ಡಕ್ ಹಂಟ್ ಅದರಲ್ಲಿರಲಿಲ್ಲ. ಟಿವಿ ರಿಪೇರಿಯವನ ಮಗನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಸಂಗ್ರಹಗಳೂ ಶಾಶ್ವತವಲ್ಲ. ‘ಸೂಪರ್ ಮಾರಿಯೊ 3ಡಿ ಆಲ್-ಸ್ಟಾರ್ಸ್’ 2020ರ ಸೆಪ್ಟೆಂಬರ್‌ನಲ್ಲಿ ಬಂದು, 2021ರ ಮಾರ್ಚ್ 31ಕ್ಕೆ ಮಾರಾಟದಿಂದ ಹೊರಬಿತ್ತು. ಕಂಪನಿಯೇ ಗಡುವು ಹಾಕಿತ್ತು. ಹೊಸದಾಗಿ ಬೇಕೆಂದವರು ಅಂಗಡಿಯಲ್ಲಿ ಉಳಿದ ಸರಕನ್ನೋ ಸೆಕೆಂಡ್ ಹ್ಯಾಂಡ್ ಪ್ರತಿಯನ್ನೋ ಹುಡುಕಬೇಕು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2010ಕ್ಕೆ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಆ ಹೊತ್ತಿಗೆ ಮಾರಾಟದಲ್ಲೇ ಇರಲಿಲ್ಲ.

ಹಾಗಾದರೆ ನಮ್ಮ ಹಳದಿ ಕ್ಯಾಸೆಟ್‌ಗಳ ಗತಿ? ಅವು ಕದ್ದ ಮಾಲು, ಆಟ ಮಾಡಿದವರಿಗೆ ಒಂದು ಪೈಸೆ ಮುಟ್ಟಿಸಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಾವು ಏನು ಆಡಿದೆವು ಎಂಬ ದಾಖಲೆ ಅವುಗಳಲ್ಲಿ ಮಾತ್ರ ಇದೆ. ಇಟ್ಟಿಗೆ ಒಡೆದು ಹದ್ದನ್ನು ಕಾಯುವ ಟ್ಯಾಂಕಿನ ಆಟ ನಿಮಗೆ ಗೊತ್ತಿರಬಹುದು. ಅದು ನಾಮ್ಕೊದ 1985ರ ‘ಬ್ಯಾಟಲ್ ಸಿಟಿ’. 2020ರ ‘ನಾಮ್ಕೊ ಮ್ಯೂಸಿಯಂ ಆರ್ಕೈವ್ಸ್’ನ ಎರಡನೆಯ ಸಂಪುಟದಲ್ಲಿ ಅದು ಅಧಿಕೃತವಾಗಿ ಬರುವ ಎಷ್ಟೋ ವರ್ಷ ಮೊದಲೇ ಗೋಣಿಕೊಪ್ಪದ ಮಕ್ಕಳು ಅದನ್ನು ಅರೆದು ಕುಡಿದಿದ್ದರು. ಟ್ಯಾಂಕಿನ ಪಕ್ಕ ಸರ್ಕಸ್, ಸರ್ಕಸ್ಸಿನ ಪಕ್ಕ ರೋಡ್ ಫೈಟರ್, ಅದರ ಪಕ್ಕ ಮಾರಿಯೊ. ಎಲ್ಲವೂ ಒಂದೇ ಕಂಪನಿಯವಲ್ಲ. ಈ ಜೋಡಣೆಯನ್ನು ಯಾವ ಕಂಪನಿಯೂ ಹೊರತರುವುದಿಲ್ಲ, ಹಕ್ಕುಗಳ ಜಗಳ ಬಿಡದು. ಆದ್ದರಿಂದ ಬೆಂಗಳೂರಿನ ಸಂಡೇ ಬಜಾರಿನ ಗುಜರಿ ರಾಶಿಯಲ್ಲಿ ಅಂಥದ್ದು ಕಂಡರೆ ನಾನು ಕೊಳ್ಳುತ್ತೇನೆ. ಮನೆಗೆ ತಂದು ಒಳಗಿರುವ ಆಟಗಳ ಪಟ್ಟಿ ಬರೆದಿಡುತ್ತೇನೆ.

ಹೊಸದಾಗಿ ಶುರುಮಾಡುವವರಿಗೆ ಎರಡು ಮಾತು. ಮೊದಲನೆಯದು, ಡಬ್ಬಿಯ ಹಿಂಬದಿ ಓದಿ. ಕೆಲವು ಸಂಗ್ರಹಗಳ ಡಬ್ಬಿಯಲ್ಲಿ ಎಲ್ಲ ಆಟಗಳೂ ಇರುವುದಿಲ್ಲ, ಉಳಿದದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಆ ಸರ್ವರ್ ನಿಂತ ದಿನ ನಿಮ್ಮ ಬಳಿ ಉಳಿಯುವುದು ಅರ್ಧ ಸಂಗ್ರಹ.

ಎರಡನೆಯದು ಮಳೆಯದು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಮಳೆಗಾಲದ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಡಿಸ್ಕಿಗೆ ಬಾರದಿರುತ್ತದೆಯೆ? ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕ್ಯಾಸೆಟ್ಟಿನ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಊದಬೇಡಿ. ಸೀಲ್ ಒಡೆಯದ ಡಬ್ಬಿಗೆ ಪೇಟೆಯಲ್ಲಿ ಹೆಚ್ಚು ಬೆಲೆ, ನಿಜ. ಆದರೆ ನಮ್ಮ ಹವೆಯಲ್ಲಿ ಆ ಪ್ಲಾಸ್ಟಿಕ್ಕಿನ ಒಳಗೆ ಸಿಕ್ಕಿಬಿದ್ದ ತೇವ ಏನು ಮಾಡುತ್ತಿದೆಯೆಂದು ಸೀಲ್ ಒಡೆಯದೆ ತಿಳಿಯದು. ನನ್ನ ಡಬ್ಬಿಗಳ ಸೀಲ್ ಎಲ್ಲ ಒಡೆದಿವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಪ್ರತಿ ಯಂತ್ರಕ್ಕೆ ಕರೆಂಟ್ ಕೊಟ್ಟು ಒಂದು ಗಂಟೆ ಆಡುತ್ತೇನೆ. ಒಳಗಿನ ಬಿಸಿಗೆ ತೇವ ಆರುತ್ತದೆ. ಮನೆಯವರು ಕೇಳಿದರೆ ಮೆಯಿಂಟೆನೆನ್ಸ್ ಎನ್ನುತ್ತೇನೆ.