ಉಕ್ಕಿನ ಕೊಳವೆ ಕತ್ತರಿಸಲು ಯಾವ ಉಪಕರಣ?

ಸೇಲಂ, ಧರ್ಮಪುರಿ ಸೀಮೆಗೂ ಕಬ್ಬಿಣಕ್ಕೂ ಇರುವ ನಂಟು ಹಳೆಯದು. ಸೇಲಂ ಜಿಲ್ಲೆಯ ಅದಿರನ್ನು ನಂಬಿಯೇ ಜೋಸಿಯಾ ಮಾರ್ಷಲ್ ಹೀತ್ ಎಂಬ ಆಂಗ್ಲನು 1830ರ ಸುಮಾರಿಗೆ ಸಮುದ್ರತೀರದ ಪರಂಗಿಪೇಟೆಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಹೂಡಿದನು. ಒಂದೂವರೆ ಶತಮಾನದ ತರುವಾಯ, 1981ರಲ್ಲಿ, ಕಂಜಮಲೆಯ ತಪ್ಪಲಿನ ಸೇಲಂ ಉಕ್ಕಿನ ಕಾರ್ಖಾನೆಯು ಸ್ಟೇನ್‌ಲೆಸ್ ಉಕ್ಕಿನ ಹಾಳೆಗಳನ್ನು ಹೊರತರಲಾರಂಭಿಸಿತು.

ಇಂದು ಉಕ್ಕು ಕಾರ್ಖಾನೆಯ ಗೋಡೆಯೊಳಗೆ ಮಾತ್ರ ಉಳಿದಿಲ್ಲ. ಕೊಟ್ಟಿಗೆಯ ಚೌಕಟ್ಟು, ಹಿತ್ತಲಿನ ಚಪ್ಪರ, ಗೇಟು, ಮಗ್ಗದ ಆಧಾರ, ನೀರಿನ ತೊಟ್ಟಿಯ ಪೀಠ ಇವೆಲ್ಲಕ್ಕೂ ಉಕ್ಕಿನ ಕೊಳವೆ ಬೇಕು. ಕೂಲಿಯ ವೆಚ್ಚವನ್ನು ನೋಡಿ ಎಷ್ಟೋ ಗೃಹಸ್ಥರು ಈ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ. ಆಗ ಮೊದಲು ಏಳುವ ಪ್ರಶ್ನೆ, ಕತ್ತರಿಸಲು ಯಾವ ಉಪಕರಣವನ್ನು ಕೊಳ್ಳಬೇಕು ಎಂಬುದು. ಅಂಗಡಿಯಲ್ಲಿ ಕೈಗೆ ಸಿಕ್ಕುವುದು ಸಾಮಾನ್ಯವಾಗಿ ಆಂಗಲ್ ಗ್ರೈಂಡರ್. ಆದರೆ ಅದೇ ಎಲ್ಲ ಕೆಲಸಕ್ಕೂ ತಕ್ಕುದಲ್ಲ. ಎಲ್ಲ ಕೈಗಳಿಗೂ ಅಲ್ಲ.

ಉಪಕರಣಕ್ಕಿಂತ ಮೊದಲು ಕೊಳವೆಯನ್ನು ಅರಿಯಬೇಕು. ನೀರಿನ ದುಂಡು ಕೊಳವೆಗಳು ಭಾರತೀಯ ಮಾನಕ 1239ರಂತೆ ಮೂರು ದರ್ಜೆಯವು: ಹಗುರವಾದವುಗಳಿಗೆ ಹಳದಿ, ಮಧ್ಯಮಕ್ಕೆ ನೀಲಿ, ಭಾರವಾದವುಗಳಿಗೆ ಕೆಂಪು ಪಟ್ಟಿ. ಒಂದು ಇಂಚಿನದೆಂದು ಕರೆಯುವ ಮಧ್ಯಮ ದರ್ಜೆಯ ಕೊಳವೆಯ ಹೊರವ್ಯಾಸ ಸುಮಾರು 33.7 ಮಿ.ಮೀ., ಗೋಡೆಯ ದಪ್ಪ 3.2 ಮಿ.ಮೀ. ಗೇಟು, ಕಿಟಕಿಗಳಿಗೆ ಬಳಸುವ ಚೌಕ ಕೊಳವೆಗಳ ಗೋಡೆ ಇದಕ್ಕಿಂತ ತೆಳು. ಉಪಕರಣದ ಆಯ್ಕೆಯನ್ನು ನಿರ್ಧರಿಸುವುದು ಮುಖ್ಯವಾಗಿ ಈ ದಪ್ಪವೇ.

ಎಲ್ಲಕ್ಕಿಂತ ಅಗ್ಗವಾದುದು ಕೈಗರಗಸ, ಅಂದರೆ ಹ್ಯಾಕ್ಸಾ. ಅದರ ಬ್ಲೇಡುಗಳು ಒಂದು ಇಂಚಿಗೆ 18, 24 ಅಥವಾ 32 ಹಲ್ಲುಗಳಂತೆ ದೊರೆಯುತ್ತವೆ. ಕೊಯ್ಯುವಾಗ ಲೋಹದ ದಪ್ಪದೊಳಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಹಲ್ಲುಗಳು ಒಟ್ಟಿಗೆ ನಿಲ್ಲಬೇಕೆಂಬುದು ಕಮ್ಮಟದ ಹಳೆಯ ನಿಯಮ. 24 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿಗೂ ಹಲ್ಲಿಗೂ ಅಂತರ ಸುಮಾರು ಒಂದು ಮಿ.ಮೀ.; ಆದ್ದರಿಂದ 3.2 ಮಿ.ಮೀ. ಗೋಡೆಗೆ ಅದು ಸರಿಹೊಂದುತ್ತದೆ. 1.6 ಮಿ.ಮೀ. ಗೋಡೆಗೆ 32 ಹಲ್ಲಿನದೇ ಬೇಕು. ಒರಟು ಹಲ್ಲಿನ ಬ್ಲೇಡನ್ನು ತೆಳು ಕೊಳವೆಗೆ ಹಾಕಿದರೆ ಹಲ್ಲುಗಳು ಅಂಚಿಗೆ ಸಿಕ್ಕಿ ಮುರಿಯುತ್ತವೆ. ಹಲ್ಲುಗಳ ಮುಖ ಮುಂದಕ್ಕಿರಬೇಕು. ಮುಂದೂಡುವಾಗ ಒತ್ತಿ, ಹಿಂದೆಳೆಯುವಾಗ ಸಡಿಲಿಸಬೇಕು. ಕೊಳವೆಯನ್ನು ಕಾಲಿನಿಂದ ಒತ್ತಿ ಹಿಡಿಯದೆ ವೈಸಿನಲ್ಲಿ ಬಿಗಿಯಬೇಕು. ತಿಂಗಳಿಗೆ ನಾಲ್ಕಾರು ತುಂಡು ಕೊಯ್ಯುವ ಮನೆಗೆ ಇಷ್ಟೇ ಸಾಕು.

ದುಂಡು ಕೊಳವೆಗೆ ಇನ್ನೊಂದು ಸಾಧನ ಚಕ್ರದ ಪೈಪ್ ಕಟರ್. ಕೊಳವೆಯ ಸುತ್ತ ತಿರುಗಿಸುತ್ತ ತಿರುಪನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದರೆ ಕಿಡಿಯಿಲ್ಲದೆ, ಪುಡಿಯಿಲ್ಲದೆ ನೇರವಾದ ತುಂಡು ಬರುತ್ತದೆ. ಆದರೆ ಒಳಗಡೆ ಅಂಚು ಉಬ್ಬುತ್ತದೆ. ನೀರಿನ ಕೊಳವೆಯಾದರೆ ರೀಮರಿನಿಂದ ಅದನ್ನು ಕೆರೆದು ತೆಗೆಯಲೇಬೇಕು. ಚೌಕ ಕೊಳವೆಗೆ ಈ ಸಾಧನ ನಡೆಯದು.

ಇನ್ನು ಗ್ರೈಂಡರ್. ನಾಲ್ಕು ಇಂಚಿನ ಯಂತ್ರವು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಡಿಸ್ಕಿನ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರು, ಅಂದರೆ ಗಂಟೆಗೆ 200 ಕಿ.ಮೀ.ಗೂ ಮಿಗಿಲು. ಒಡೆದ ಡಿಸ್ಕಿನ ಚೂರು ಈ ವೇಗದಲ್ಲಿ ಹಾರುತ್ತದೆಂಬುದನ್ನು ನೆನೆದರೆ, ರಕ್ಷಾಕವಚವನ್ನು ಬಿಚ್ಚಿಟ್ಟು ಕೆಲಸ ಮಾಡುವುದು ಎಂತಹ ದುಡುಕೆಂಬುದು ತಿಳಿಯುತ್ತದೆ. ಕವಚ ಬಿಚ್ಚಿ ಏಳು ಇಂಚಿನ ಡಿಸ್ಕನ್ನು ಚಿಕ್ಕ ಯಂತ್ರಕ್ಕೆ ತೊಡಿಸುವುದು ಇನ್ನೂ ಅಪಾಯಕರ. ಅಂತಹ ಡಿಸ್ಕಿನ ಮಿತಿ ನಿಮಿಷಕ್ಕೆ ಸುಮಾರು 8,500 ಸುತ್ತು ಮಾತ್ರ. ಮರ ಕೊಯ್ಯುವ ಹಲ್ಲಿನ ಚಕ್ರವನ್ನಂತೂ ಇದಕ್ಕೆ ಎಂದಿಗೂ ಹಾಕಬಾರದು. ಕೊಳ್ಳುವಾಗ ಡಿಸ್ಕಿನ ಮೇಲಿನ ಗರಿಷ್ಠ ವೇಗವನ್ನೂ, ನಡುವಿನ ಲೋಹದ ಉಂಗುರದ ಮೇಲೆ ಮುದ್ರಿಸಿರುವ ಅವಧಿಯನ್ನೂ ಓದಬೇಕು. ತೇವ ತಗುಲಿದ, ಬಿರುಕು ಬಿಟ್ಟ ಡಿಸ್ಕನ್ನು ಎಸೆಯುವುದೇ ಲೇಸು. ಕಣ್ಣಿಗೆ ಪಕ್ಕಗಳೂ ಮುಚ್ಚುವ ಕನ್ನಡಕ, ಮುಖಕ್ಕೆ ಪಾರದರ್ಶಕ ಗುರಾಣಿ, ಕಿವಿಗೆ ರಕ್ಷಣೆ ಇವು ಯಂತ್ರದೊಡನೆಯೇ ಕೊಳ್ಳಬೇಕಾದವು. ಸಡಿಲ ಪಂಚೆ, ಹೆಗಲ ಮೇಲಿನ ವಸ್ತ್ರ ತಿರುಗುವ ಯಂತ್ರದ ಬಳಿ ಸಲ್ಲವು.

ದಿನವೂ ಹತ್ತಾರು ತುಂಡು ಕೊಯ್ಯುವವರಿಗೆ 14 ಇಂಚಿನ ಚಾಪ್‌ಸಾ ಅನುಕೂಲ. ಕೊಳವೆ ಅದರ ಹಿಡಿತದಲ್ಲೇ ಬಿಗಿಯಾಗಿ ನಿಲ್ಲುವುದರಿಂದ ಕೋನ ತಪ್ಪದು. ಸದ್ದು, ಕಿಡಿ ಮಾತ್ರ ವಿಪರೀತ. ಬ್ಯಾಂಡ್‌ಸಾ ನಿಧಾನ, ಬೆಲೆಯೂ ಹೆಚ್ಚು. ಆದರೆ ಕಿಡಿಯಿಲ್ಲ, ಅಂಚು ಸುಡುವುದಿಲ್ಲ, ನೆರೆಮನೆಗೂ ಕಿರಿಕಿರಿಯಿಲ್ಲ. ಸ್ಟೇನ್‌ಲೆಸ್ ಕೊಳವೆಗೆ ಅದಕ್ಕೆಂದೇ ತಯಾರಾದ ಡಿಸ್ಕನ್ನು ಪ್ರತ್ಯೇಕವಾಗಿಡಬೇಕು. ಸಾಧಾರಣ ಕಬ್ಬಿಣ ಕೊಯ್ದ ಡಿಸ್ಕನ್ನೇ ಬಳಸಿದರೆ ಅದರ ಕಣಗಳು ಅಂಟಿ ಮುಂದೆ ತುಕ್ಕಿನ ಕಲೆಗಳು ಏಳುತ್ತವೆ. ಸತುವಿನ ಲೇಪವುಳ್ಳ ಜಿ.ಐ. ಕೊಳವೆ ಕಾದಾಗ ಏಳುವ ಹೊಗೆ ಜ್ವರ, ಚಳಿ ತರಬಲ್ಲದು. ಅದನ್ನು ತಣ್ಣಗೆ ಗರಗಸದಿಂದ ಕೊಯ್ಯುವುದೇ ಒಳ್ಳೆಯದು, ಇಲ್ಲವಾದರೆ ಗಾಳಿಯಾಡುವ ಬಯಲಿನಲ್ಲಿ.

ಕಾನೂನಿನ ಮಾತನ್ನೂ ಮರೆಯಬಾರದು. ಯಂತ್ರಕ್ಕೆ ರಸೀದಿ ಪಡೆದಿಟ್ಟುಕೊಂಡರೆ, ದೋಷವಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಸ್ವಂತ ಮನೆಯ ದುರಸ್ತಿ ಒಂದು, ಹಣ ಪಡೆದು ಮಾಡುವ ಕಸುಬು ಇನ್ನೊಂದು. 2003ರ ವಿದ್ಯುತ್ ಕಾಯಿದೆಯ 126ನೆಯ ಪ್ರಕರಣದಂತೆ, ಅನುಮತಿಸಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ ಬಳಸಿದರೆ ಎರಡರಷ್ಟು ದರ ವಿಧಿಸಬಹುದು. ಆದ್ದರಿಂದ ಕಸುಬು ಆರಂಭಿಸುವ ಮುನ್ನ ವಿದ್ಯುತ್ ಕಚೇರಿಯಲ್ಲಿ ಸರಿಯಾದ ದರಪಟ್ಟಿಯನ್ನು ಕೇಳಿಕೊಳ್ಳುವುದು ಉಚಿತ.

ಎಲ್ಲಕ್ಕಿಂತ ಮುಖ್ಯವಾದುದು ಮಕ್ಕಳ ವಿಷಯ. ಶಾಲೆ ಬಿಟ್ಟ ಸಂಜೆಯಲ್ಲಿ ಮಗ ಕೊಳವೆಯ ತುದಿಯನ್ನು ಹಿಡಿದು ನಿಲ್ಲುವುದು ಹಳ್ಳಿಗಳಲ್ಲಿ ಸಹಜವಾದ ದೃಶ್ಯ. 1986ರ ಬಾಲಕಾರ್ಮಿಕ ಕಾಯಿದೆಯು, 2016ರ ತಿದ್ದುಪಡಿಯ ಮೇರೆಗೆ, ಹದಿನಾಲ್ಕು ತುಂಬದ ಮಗು ಕುಟುಂಬದ ಕಸುಬಿಗೆ ನೆರವಾಗಲು ಅವಕಾಶ ಕೊಟ್ಟಿದೆ. ಆದರೆ ಅದು ಶಾಲೆಯ ಹೊತ್ತಿನ ನಂತರ ಅಥವಾ ರಜೆಯಲ್ಲಿ ಮಾತ್ರ, ಅದೂ ಅನುಸೂಚಿಯಲ್ಲಿರುವ ಅಪಾಯದ ಕೆಲಸಗಳನ್ನು ಬಿಟ್ಟು. ಕಾನೂನಿನ ಗೆರೆ ಎಲ್ಲಿದ್ದರೂ ಗ್ರೈಂಡರಿನ ಕಿಡಿಯ ಎದುರು ಮಗುವನ್ನು ನಿಲ್ಲಿಸುವುದು ವಿವೇಕವಲ್ಲ. ಅಳತೆ ಹಿಡಿಯುವುದು, ಸೀಮೆಸುಣ್ಣದಿಂದ ಗುರುತು ಹಾಕುವುದು, ಪಟ್ಟಿಯ ಬಣ್ಣ ನೋಡಿ ದರ್ಜೆ ಹೇಳುವುದು, ಒಂದು ಇಂಚಿಗೆ 24 ಹಲ್ಲಿದ್ದರೆ 3.2 ಮಿ.ಮೀ. ದಪ್ಪದಲ್ಲಿ ಎಷ್ಟು ಹಲ್ಲು ನಿಲ್ಲುತ್ತವೆಂದು ಲೆಕ್ಕ ಹಾಕುವುದು, ಇವು ಮಗುವಿಗೆ ಒಪ್ಪುವ ಕೆಲಸ, ಪಾಠವೂ ಆಗುತ್ತದೆ.

ಹೀಗಾಗಿ ಹೊಸದಾಗಿ ಆರಂಭಿಸುವ ಮನೆಗೆ ಮೊದಲು ಒಳ್ಳೆಯ ವೈಸು, ಹ್ಯಾಕ್ಸಾ, ಎರಡು ಬಗೆಯ ಬ್ಲೇಡು, ಒಂದು ಅರ ಸಾಕು. ಕೆಲಸ ಹೆಚ್ಚಿದ ಮೇಲೆ, ರಕ್ಷಣೆಯ ಸಾಮಗ್ರಿಗೂ ಹಣ ಕೂಡಿದ ಮೇಲೆ, ಯಂತ್ರದ ಮಾತನ್ನು ಯೋಚಿಸಬಹುದು.